ಮಿತಿಯೊಳಗೇ ಇತ್ತು

ವಿಮಾನ ಸಮುದ್ರಕ್ಕೆ ಬಿದ್ದದ್ದು ಮಂಗಳವಾರ ಬೆಳಗ್ಗೆ ಹತ್ತು ಇಪ್ಪತ್ತಕ್ಕೆ. ಮನೆಗೆ ಸುದ್ದಿ ಬಂದದ್ದು ಮಧ್ಯಾಹ್ನ ಎರಡರ ಮೇಲೆ. ನಡುವಿನ ನಾಲ್ಕು ಗಂಟೆ ಮನೆಯವರೆಲ್ಲ ಎಂದಿನಂತೆಯೇ ಇದ್ದರು. ಅತ್ತೆ ಹಿತ್ತಿಲಲ್ಲಿ ಹೊದಿಕೆಗಳನ್ನು ಒಗೆದು ಹರವಿದರು. ಮಾವ ಅಡುಗೆಮನೆಯ ಸೋರುವ ನಲ್ಲಿಯನ್ನು ಬಿಚ್ಚಿಕೊಂಡು ಕೂತಿದ್ದರು. ಸೊಸೆ, ದೊಡ್ಡ ಮಗನ ಹೆಂಡತಿ, ಪೇಟೆಯ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುತ್ತಿದ್ದಳು. ಅವಳ ಮಗಳು, ಹದಿನಾಲ್ಕು ವರ್ಷದ ಗುಬ್ಬಿ, ಶಾಲೆಯಲ್ಲಿ ಲೆಕ್ಕದ ಪರೀಕ್ಷೆ ಬರೆಯುತ್ತಿದ್ದಳು.

ಬಾಗಿಲಲ್ಲಿ ಸಮವಸ್ತ್ರದ ಇಬ್ಬರು ಅಧಿಕಾರಿಗಳು ನಿಂತದ್ದನ್ನು ಕಂಡು ಮಾವ ಕೈಯಲ್ಲಿ ಸ್ಪ್ಯಾನರ್ ಹಿಡಿದೇ ಎದ್ದರು. ಊರಾಚೆಯ ವಿಮಾನ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ದುಡಿದು ಫೋರ್‌ಮನ್ ಆಗಿ ನಿವೃತ್ತರಾದವರು ಅವರು. ಬೀದಿಯವರ ಬಾಯಲ್ಲಿ ಈಗಲೂ ಫೋರ್‌ಮನ್ನರೇ. ಇಂಥ ಇಬ್ಬರು ಇಂಥ ಹೊತ್ತಿನಲ್ಲಿ ಯಾಕೆ ಬರುತ್ತಾರೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಯಾರು? ದೊಡ್ಡೋನಾ, ಚಿಕ್ಕೋನಾ?" ಎಂದು ಕೇಳಿದರು.

ಇಬ್ಬರು ಮಕ್ಕಳೂ ಅದೇ ಕಾರ್ಖಾನೆಯವರು. ದೊಡ್ಡವನು ಪರೀಕ್ಷಾ ಹಾರಾಟದ ಎಂಜಿನಿಯರು. ಸೇನೆಗೆಂದು ಕಟ್ಟುತ್ತಿದ್ದ ಹೊಸ ವಿಮಾನದಲ್ಲಿ ಪೈಲಟ್‌ಗಳ ಹಿಂದೆ ಕೂತು ಯಂತ್ರಗಳನ್ನು ಗಮನಿಸುವುದು ಅವನ ಕೆಲಸ. ಚಿಕ್ಕವನು ವಿಮಾನ ನಿಲ್ಲಿಸುವ ಹ್ಯಾಂಗರಿನಲ್ಲಿ ತಪಾಸಣೆಗಾರ. ಹಾರುವ ಮುಂಚೆ ವಿಮಾನದ ಬಾಲದ ಭಾಗವನ್ನು ಅಳೆದು ನೋಡಿ ಸಹಿ ಹಾಕುವವನು.

"ದೊಡ್ಡ ಮಗ," ಎಂದರು ಅಧಿಕಾರಿ. "ಒಟ್ಟು ನಾಲ್ಕು ಜನ ಇದ್ರು. ಹುಡುಕ್ತಾ ಇದ್ದೀವಿ."

"ಹುಡುಕ್ತಾ ಇದ್ದೀವಿ ಅಂದ್ರೆ?"

"ವಿಮಾನ ಸಮುದ್ರದ ಮೇಲಿತ್ತು ಸರ್. ಸಂಪರ್ಕ ತಪ್ಪಿಹೋಯ್ತು."

ಅತ್ತೆ ಒದ್ದೆ ಕೈ ಸೆರಗಿಗೆ ಒರೆಸುತ್ತ ಒಳಗೆ ಬಂದವರು, "ಯಾರ್ರೀ ಬಂದಿರೋದು? ಕೂರ್ಸಿ, ಚಹಾ ಇಡ್ತೀನಿ," ಎಂದರು. ಗಂಡನ ಮುಖ ನೋಡಿದ ಮೇಲೆ ಚಹಾದ ಮಾತು ಎತ್ತಲಿಲ್ಲ. ಗೋಡೆಗೆ ಆತುಕೊಂಡು ಹಾಗೇ ನೆಲದ ಮೇಲೆ ಕೂತರು.

ಚಿಕ್ಕವನು ಮನೆಗೆ ಬಂದದ್ದು ಸಂಜೆ ಆರಕ್ಕೆ. ಸುದ್ದಿ ತಿಳಿದ ಕೂಡಲೇ ಕಾರ್ಖಾನೆಯ ಗೇಟು ಮುಚ್ಚಿ, ಎಲ್ಲರ ಫೋನು ಕಿತ್ತುಕೊಂಡು, ಕಾಗದಪತ್ರಗಳಿಗೆ ಮೊಹರು ಹಾಕಿದ್ದರಂತೆ. ಒಳಗೆ ಬಂದವನೇ ಅತ್ತಿಗೆಯ ಎದುರು ನಿಂತ. ಏನೋ ಹೇಳಲು ಬಾಯಿ ತೆರೆದ. ಥಟ್ಟನೆ ತಿರುಗಿದ. ನೇರ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ. ನೀರು ಬೀಳುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಹುಡುಕಾಟ ಹನ್ನೆರಡು ದಿನ ನಡೆಯಿತು. ಮಾವ ಫೋನಿನ ಪಕ್ಕದ ಕುರ್ಚಿ ಬಿಟ್ಟು ಕದಲಲಿಲ್ಲ. ಊಟವೂ ಅಲ್ಲೇ, ತೊಡೆಯ ಮೇಲೆ ತಟ್ಟೆ. ಅಕ್ಕಪಕ್ಕದವರು ಅನ್ನ, ಬೇಳೆ, ರೊಟ್ಟಿ ತಂದುಕೊಟ್ಟು ಪಾತ್ರೆ ಆಮೇಲೆ ತೆಗೆದುಕೊಳ್ಳುತ್ತೇವೆಂದು ಹೋಗುತ್ತಿದ್ದರು. ಯಾರ ಪಾತ್ರೆ ಯಾವುದೆಂದು ತಿಳಿಯದೆ ಸೊಸೆ ಎಲ್ಲಕ್ಕೂ ಚೀಟಿ ಅಂಟಿಸಿ ಕಿಟಕಿಕಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಅವಳಿಗೆ ಕೈಗೊಂದು ಕೆಲಸ ಬೇಕಿತ್ತು.

ಮೂರನೆಯ ದಿನ ಒಂದು ಚಕ್ರ ಸಿಕ್ಕಿತು. ಐದನೆಯ ದಿನ ಸೀಟಿನ ಮೆತ್ತೆ, ಒಂದು ಹೆಲ್ಮೆಟ್. ಹೆಲ್ಮೆಟ್ ಮುಖ್ಯ ಪೈಲಟ್‌ನದು. ಎಂಟನೆಯ ದಿನ ಪೈಲಟ್‌ನ ದೇಹವೂ ಸಿಕ್ಕಿತು. ಉಳಿದ ಮೂವರದ್ದು ಸಿಗಲಿಲ್ಲ. ಅಲ್ಲಿ ಸಮುದ್ರ ಬಹಳ ಆಳ, ವಿಮಾನದ ಮುಖ್ಯ ಭಾಗ ಎಲ್ಲಿ ಕೂತಿದೆಯೋ ಹೇಳಲಾಗದು ಎಂದು ಹನ್ನೆರಡನೆಯ ದಿನ ಫೋನು ಬಂತು.

ಮಾವ ಫೋನಿಟ್ಟು, "ನಿಲ್ಲಿಸಿದ್ರಂತೆ," ಎಂದರು.

"ಹುಡುಕೋದು ನಿಲ್ಲಿಸಿದ್ರೆ ಅವನು ಬರೋದು ಹೇಗ್ರೀ?" ಎಂದರು ಅತ್ತೆ.

ಗುಬ್ಬಿ ಎದ್ದು ಅಜ್ಜಿಯ ಪಕ್ಕ ಕೂತಳು.

ಮೂರನೆಯ ವಾರ ಸೊಸೆ ಕೆಲಸಕ್ಕೆ ಹೋದಳು. ಅಂಗಡಿಯ ಯಜಮಾನ ಒಳ್ಳೆಯವನು. ಗಿರಾಕಿಗಳ ಎದುರು ನಿಲ್ಲಬೇಡ, ಹಿಂದಿನ ಕೋಣೆಯಲ್ಲಿ ಗಾಜು ಕತ್ತರಿಸು ಸಾಕು ಎಂದ. ಅವಳು ಯಂತ್ರದೆದುರು ಕೂತು ದಿನಕ್ಕೆ ಮೂವತ್ತು ಜೋಡಿ ಗಾಜು ಚೌಕಟ್ಟಿಗೆ ಕೂರಿಸಿದಳು. ಮನೆಗೆ ಬಂದರೆ ಒಗೆಯುವುದು, ಮಡಿಸುವುದು. ಗಂಡನ ಬಟ್ಟೆಗಳನ್ನು ಮಾತ್ರ ಬೀರುವಿನಲ್ಲಿ ಇದ್ದ ಹಾಗೇ ಬಿಟ್ಟಳು.

ಒಂದು ಭಾನುವಾರ ಮಾವ ಅಭ್ಯಾಸದಂತೆ ಮಾರುಕಟ್ಟೆಗೆ ಹೋಗಿ ತರಕಾರಿಯ ಜೊತೆ ಮೀನೂ ತಂದರು. ಅತ್ತೆ ಚೀಲ ಬಿಚ್ಚಿ ನೋಡಿದವರು ಅದನ್ನು ಹಾಗೇ ಎತ್ತಿಕೊಂಡು ಹೋಗಿ ಬೀದಿಯ ಕಸದ ಡಬ್ಬಕ್ಕೆ ಹಾಕಿ ಬಂದರು.

"ತಲೆ ಕೆಟ್ಟಿದ್ಯೇನೇ ನಿಂಗೆ?" ಎಂದರು ಮಾವ.

"ಆ ನೀರಿಂದ ಬಂದಿದ್ದು ಈ ಮನೇಲಿ ಯಾರೂ ತಿನ್ನಕೂಡದು. ಇನ್ನೊಂದ್ಸಲ ತಂದ್ರೆ ನೋಡಿ."

ಮಾವನಿಗೆ ಆಗ ಹೊಳೆಯಿತು. ಕೈಯಲ್ಲಿದ್ದ ಈರುಳ್ಳಿ ಚೀಲವನ್ನು ಎಲ್ಲಿಡಬೇಕೆಂದು ತಿಳಿಯದವರಂತೆ ನಿಂತರು.

ಚಿಕ್ಕವನು ಈಗೀಗ ಎಲ್ಲರ ಜೊತೆ ಊಟಕ್ಕೆ ಕೂರುತ್ತಿರಲಿಲ್ಲ. ತನಿಖೆ ಮುಗಿಯುವ ತನಕ ಹ್ಯಾಂಗರಿನಲ್ಲಿ ಕೆಲಸವಿಲ್ಲ. ಆದರೂ ಬೆಳಗ್ಗೆ ಎದ್ದು ಬಟ್ಟೆ ಹಾಕಿಕೊಂಡು ಹೋಗುತ್ತಿದ್ದ, ಸಂಜೆ ಬರುತ್ತಿದ್ದ. ಎಲ್ಲಿಗೆ ಹೋಗುತ್ತಾನೆಂದು ಕೇಳಿದರೆ "ಇಲ್ಲೇ" ಎನ್ನುತ್ತಿದ್ದ. ಇಪ್ಪತ್ತೊಂಬತ್ತರ ಗಂಡಸು ಒಂದು ತಿಂಗಳಲ್ಲಿ ಶರ್ಟಿನೊಳಗೆ ಕುಗ್ಗಿಹೋಗಿದ್ದ.

ಒಂದು ಸಂಜೆ ಮಾವ ಅವನನ್ನು ತಡೆದು ನಿಲ್ಲಿಸಿದರು.

"ಹಿಂದಿನ ದಿನ ಬಾಲ ನೋಡಿದ್ದು ನೀನೇ ತಾನೆ?"

"ಹೂಂ."

"ಏನಾದ್ರೂ ಇತ್ತಾ?"

"ತನಿಖೆ ನಡೀತಿದೆಯಪ್ಪಾ. ಮನೇಲೂ ಮಾತಾಡ್ಬಾರ್ದು ಅಂದಿದಾರೆ."

"ನನ್ನ ಹತ್ರಾನೂ? ನಿಂಗೆ ಅಳೆಯೋ ಗೇಜು ಹಿಡಿಯೋದು ಕಲಿಸಿದ್ದು ಯಾರೋ?"

"ಎಲ್ಲಾ ಸರಿಯಾಗಿತ್ತು ಅಂತ ಬರ್ದಿದೀನಲ್ಲಪ್ಪಾ, ಸಹಿ ಇದೆಯಲ್ಲಾ!" ಚಿಕ್ಕವನ ದನಿ ಏರಿತು.

"ನಾನು ಸಹಿ ಕೇಳಿಲ್ಲ. ನೀನು ಕಂಡಿದ್ದು ಕೇಳಿದೆ."

ಚಿಕ್ಕವನು ಚಪ್ಪಲಿ ಮೆಟ್ಟಿ ಹೊರಗೆ ಹೋದ. ಅಡುಗೆಮನೆಯಿಂದ ಅತ್ತೆ, "ಇದ್ದೊಬ್ಬನ್ನೂ ಓಡಿಸ್ಬಿಡಿ ನೀವು," ಎಂದು ಗೊಣಗಿದರು.

ಅಷ್ಟರಲ್ಲಿ ಪತ್ರಿಕೆಗಳಲ್ಲಿ ಸುದ್ದಿ ಬರತೊಡಗಿತು. ವಿಮಾನದಲ್ಲಿ ಯಾವ ದೋಷವೂ ಇರಲಿಲ್ಲವೆಂದು ಕಾರ್ಖಾನೆಯ ಮೂಲಗಳು ಹೇಳುತ್ತಿವೆಯಂತೆ. ಪೈಲಟ್ ಹೇಳಿದ್ದಕ್ಕಿಂತ ಕೆಳಗೆ ಹಾರಿದನಂತೆ, ಸಾಹಸ ತೋರಿಸಲು ಹೋದನಂತೆ, ಹಿಂದಿನ ದಿನ ಸರಿಯಾಗಿ ನಿದ್ದೆಯೇ ಮಾಡಿರಲಿಲ್ಲವಂತೆ. ಬೀದಿಯ ಬಾಯಿಗೆ ಅಷ್ಟು ಸಿಕ್ಕಿದ್ದೇ ಸಾಕಾಯಿತು. ಕ್ಷೌರದಂಗಡಿಯಿಂದ ಬ್ರೆಡ್ಡಿನಂಗಡಿಯವರೆಗೆ ಎಲ್ಲರೂ ವಿಮಾನ ಓಡಿಸುವುದನ್ನು ಬಲ್ಲವರಾದರು. ಬ್ರೆಡ್ಡಿನಂಗಡಿಯವನು, "ಕುಡಿದಿದ್ನಂತೆ ಕಣಮ್ಮಾ," ಎಂದ ಸೊಸೆಗೆ. ಅವಳು ಬ್ರೆಡ್ಡನ್ನು ಅಲ್ಲೇ ಬಿಟ್ಟು ಬಂದಳು.

ಐದನೆಯ ವಾರದ ಗುರುವಾರ ಶಾಲೆಯಿಂದ ಅಂಗಡಿಗೆ ಫೋನು ಬಂತು. ಗುಬ್ಬಿ ತನ್ನ ತರಗತಿಯ ಹುಡುಗಿಯೊಬ್ಬಳಿಗೆ ಹೊಡೆದಿದ್ದಾಳೆ, ತಕ್ಷಣ ಬನ್ನಿ.

ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಗುಬ್ಬಿ ಒಂದು ಮೂಲೆಯಲ್ಲಿ ನಿಂತಿದ್ದಳು, ಅಂಗಿಯ ತೋಳು ಹರಿದಿತ್ತು. ಇನ್ನೊಂದು ಮೂಲೆಯಲ್ಲಿ ತುಟಿ ಊದಿಸಿಕೊಂಡ ಸಣಕಲು ಹುಡುಗಿ. ಅವಳ ಪಕ್ಕದಲ್ಲಿ ಅವಳ ತಾಯಿ. ಸೊಸೆ ಆಕೆಯನ್ನು ಹ್ಯಾಂಗರಿನ ಶೋಕಸಭೆಯಲ್ಲಿ ದೂರದಿಂದ ನೋಡಿದ್ದಳು. ಪೈಲಟ್‌ನ ಹೆಂಡತಿ.

"ಏನು ಹೇಳ್ದೆ ಅಂತ ನೀನೇ ಹೇಳು," ಎಂದರು ಮುಖ್ಯೋಪಾಧ್ಯಾಯಿನಿ.

ಗುಬ್ಬಿ ನೆಲ ನೋಡುತ್ತ ಹೇಳಿದಳು: "ನಿಮ್ಮಪ್ಪಾನೇ ನಮ್ಮಪ್ಪನ್ನ ಕೊಂದಿದ್ದು ಅಂದೆ."

ಸೊಸೆ ಮಗಳ ಪರವಾಗಿ ಕ್ಷಮೆ ಕೇಳಿದಳು, ಮಗಳಿಂದಲೂ ಕೇಳಿಸಿದಳು. ಹೊರಗೆ ಬಂದ ಮೇಲೆ ಪೈಲಟ್‌ನ ಹೆಂಡತಿ ಗೇಟಿನ ಬಳಿ ನಿಂತಳು.

"ನಿಮ್ ಮಗಳ ಮೇಲೆ ನಂಗೆ ಸಿಟ್ಟಿಲ್ಲ," ಎಂದಳು. "ಎಲ್ಲರೂ ಅದನ್ನೇ ಅಂತಿದಾರೆ, ಮಗು ಬಾಯಿಬಿಟ್ಟು ಅಂತು. ಮನೆ ಬಾಗಿಲ ಮೇಲೆ ಬರ್ದು ಹೋಗಿದಾರೆ, ಮೂರು ಜನರ ಕೊಲೆಗಾರ ಅಂತ. ಎರಡು ಸಲ ಸುಣ್ಣ ಹೊಡೆದೆ. ಮತ್ತೆ ಬರೀತಾರೆ."

ಸೊಸೆ ಗುಬ್ಬಿಯ ಹರಿದ ತೋಳನ್ನು ಮೇಲಕ್ಕೆ ಮಡಿಸಿದಳು.

"ನಿಮ್ಮೋರು ನಮ್ಮನೇಗೆ ಊಟಕ್ಕೆ ಬಂದಿದ್ರು ಒಂದ್ಸಲ," ಎಂದಳು ಆಕೆ. "ನಮ್ಮೋರು ಹೇಳ್ತಿದ್ರು, ಹಿಂದೆ ಅವನಿದ್ರೆ ನಂಗೆ ಧೈರ್ಯ ಅಂತ." ಅಷ್ಟು ಹೇಳಿ ಮಗಳ ಕೈ ಹಿಡಿದು ಹೋದಳು.

ಆ ಸಂಜೆ ಊಟದ ಹೊತ್ತಿಗೆ ಚಿಕ್ಕವನು ಬೇಗ ಬಂದಿದ್ದ. ತಪ್ಪಿಸಿಕೊಳ್ಳಲಾಗದೆ ಎಲ್ಲರ ಜೊತೆ ಕೂತ. ಆಲೂಗಡ್ಡೆ ಪಲ್ಯ ಬಡಿಸುತ್ತ ಸೊಸೆ ಶಾಲೆಯಲ್ಲಿ ನಡೆದದ್ದನ್ನೆಲ್ಲ ಹೇಳಿದಳು. ಬಾಗಿಲ ಮೇಲಿನ ಬರಹದ ವಿಷಯಕ್ಕೆ ಬಂದಾಗ ಚಿಕ್ಕವನು ತುತ್ತು ಕೆಳಗಿಟ್ಟ.

"ಅವರ ತಪ್ಪು ಅಂತ ಹೇಗೆ ಹೇಳ್ತಾರೆ?" ಎಂದ.

"ವಿಮಾನ ಸರಿ ಇತ್ತಂತಲ್ಲಾ ಚಿಕ್ಕಪ್ಪಾ. ನೀನೇ ನೋಡಿದ್ಯಂತೆ. ಮತ್ತೆ ಇನ್ಯಾರ ತಪ್ಪು?" ಎಂದಳು ಗುಬ್ಬಿ.

ಅವನು ಅವಳ ಮುಖವನ್ನೇ ನೋಡಿದ. ಆಮೇಲೆ ತಟ್ಟೆಯನ್ನು ಮುಂದಕ್ಕೆ ತಳ್ಳಿ, "ಸರಿ ಇರಲಿಲ್ಲ," ಎಂದ.

ಮಾವ ಚಮಚ ಕೆಳಗಿಟ್ಟರು. "ಹೇಳು."

"ಬಾಲದ ರೆಕ್ಕೆ ಆಡಿಸೋ ಕಂಬಿ ಇದೆಯಲ್ಲಪ್ಪಾ, ಅದರ ಕೀಲಿನಲ್ಲಿ ಸ್ವಲ್ಪ ಅಲ್ಲಾಟ ಇತ್ತು. ಅಳೆದೆ. ಮಿತಿಯೊಳಗೇ ಇತ್ತು. ಆದ್ರೆ ಹಿಂದಿನ ವಾರ ಅಳೆದಿದ್ದಕ್ಕಿಂತ ಜಾಸ್ತಿ ಆಗಿತ್ತು. ಅದರ ಹಿಂದಿನ ವಾರಕ್ಕಿಂತ ಅದು ಜಾಸ್ತಿ."

"ಬೆಳೀತಾ ಇತ್ತು."

"ಹೂಂ. ಬರೀಬೇಕು ಅಂತಿದ್ದೆ. ಬರೆದ್ರೆ ಬಿಚ್ಚಬೇಕು, ಬಿಚ್ಚಿದ್ರೆ ನಾಲ್ಕು ದಿನ. ಆಗ್ಲೇ ಮೂರು ಸಲ ಹಾರಾಟ ಮುಂದಕ್ಕೆ ಹೋಗಿತ್ತು. ಸಾಹೇಬ್ರು ಗಂಟೆಗೊಂದ್ಸಲ ಬಂದು ಆಯ್ತಾ ಆಯ್ತಾ ಅಂತಿದ್ರು."

"ಸಾಹೇಬ್ರು ಹೇಳಿದ್ರಾ ಬರೀಬೇಡ ಅಂತ?"

ಚಿಕ್ಕವನು ಅತ್ತಿಗೆಯ ಕಡೆ ಒಮ್ಮೆ ನೋಡಿದ, ಮತ್ತೆ ತಟ್ಟೆ ನೋಡಿದ.

"ಯಾರು ಹೇಳಿದ್ದು?" ಎಂದಳು ಸೊಸೆ. ಬಡಿಸುವ ಸೌಟು ಇನ್ನೂ ಅವಳ ಕೈಯಲ್ಲೇ ಇತ್ತು.

"ಅಣ್ಣ."

ಸೊಸೆ ಸೌಟನ್ನು ಪಾತ್ರೆಯಲ್ಲಿಟ್ಟಳು.

"ಅವನನ್ನ ಕರೆಸಿ ತೋರಿಸ್ದೆ ಅತ್ತಿಗೇ. ಬಗ್ಗಿ ನೋಡಿದ. ಕೈಯಿಂದ ಆಡಿಸಿ ನೋಡಿದ. ಮಿತಿಯೊಳಗಿದೆ ತಾನೇ, ಸಹಿ ಹಾಕೋ, ನಾನೇ ಕೂರ್ತಿದೀನಲ್ಲ ಅದ್ರಲ್ಲಿ ಅಂದ. ಬಾಲಕ್ಕೆ ಕಂಪನ ಅಳೆಯೋ ಯಂತ್ರ ಕಟ್ಟಿದೀವಿ, ಏನಾದ್ರೂ ಇದ್ರೆ ನಾಳೆ ಹಾರಾಟದಲ್ಲೇ ಗೊತ್ತಾಗುತ್ತೆ ಅಂದ. ನಾನು ಸಹಿ ಹಾಕ್ದೆ."

ಅತ್ತೆ ಕೂತಲ್ಲಿಂದಲೇ ಎರಡೂ ಕೈ ಚಾಚಿ, "ಸಾಕು. ಇನ್ನೊಂದು ಮಾತು ಬೇಡ," ಎಂದರು. "ಇದು ಈ ಗೋಡೆ ದಾಟಬಾರ್ದು. ಗುಬ್ಬೀ, ಕೇಳಿಸ್ತಾ?"

"ತನಿಖೆಯೋರಿಗೆ ಹೇಳಿದ್ಯಾ?" ಎಂದು ಮಾವ ಕೇಳಿದರು.

"ಇಲ್ಲ. ಕೇಳಿದ್ರು. ಎಲ್ಲಾ ಮಿತಿಯೊಳಗಿತ್ತು ಅಂದೆ. ಅದು ಸುಳ್ಳಲ್ಲ."

"ಸುಳ್ಳಲ್ಲ!" ಮಾವ ಎದ್ದೇಬಿಟ್ಟರು. "ಮೂವತ್ತಾರು ವರ್ಷ ಇದನ್ನೇನೋ ನಾನು ಹುಡುಗರಿಗೆ ಹೇಳಿಕೊಟ್ಟಿದ್ದು? ಬೆಳೀತಿರೋ ಅಲ್ಲಾಟಾನ ಬರೀದೆ ಬಿಡೋದು? ಹೋಗು, ನಾಳೆ ಬೆಳಗ್ಗೇನೇ ಹೋಗಿ ಹೇಳು."

"ಹೇಳಿದ್ರೆ ಏನಾಗುತ್ತೆ ಗೊತ್ತೇನ್ರೀ?" ಅತ್ತೆ ಗಂಡನಿಗಿಂತ ಜೋರಾಗಿ ಕೂಗಿದರು. "ಇವನನ್ನ ಒಳಗೆ ಹಾಕ್ತಾರೆ. ಸತ್ತೋನ ಹೆಸರಿಗೆ ಮಸಿ ಬಳೀತಾರೆ. ಒಬ್ಬನ್ನ ಸಮುದ್ರ ನುಂಗ್ತು, ಇನ್ನೊಬ್ಬನ್ನ ನೀವು ನುಂಗ್ಬೇಕಾ?"

"ಆ ಪೈಲಟ್‌ಗೂ ಹೆಂಡತಿ ಮಕ್ಕಳಿದಾರೆ ಕಣೇ!"

"ನಂಗೂ ಮಕ್ಕಳೇ ಇದ್ದದ್ದು!"

ಗುಬ್ಬಿ ಅಳುತ್ತ ಎದ್ದು ಕೋಣೆಗೆ ಓಡಿದಳು. ಪಲ್ಯ ಆರಿಹೋಯಿತು. ಸೊಸೆ ಮಾತ್ರ ಅಲ್ಲೇ ಕೂತು, ಮೈದುನನನ್ನು ಒಂದೇ ಒಂದು ಪ್ರಶ್ನೆ ಕೇಳಿದಳು.

"ಅದರಿಂದಾನೇ ಬಿತ್ತಾ?"

"ಗೊತ್ತಿಲ್ಲ ಅತ್ತಿಗೇ. ನಿಜವಾಗ್ಲೂ ಗೊತ್ತಿಲ್ಲ. ಅದಕ್ಕಿಂತ ಜಾಸ್ತಿ ಅಲ್ಲಾಟ ಇಟ್ಕೊಂಡು ಹಾರಿ ಬಂದಿರೋ ವಿಮಾನಗಳಿವೆ."

ಅವಳು ಎದ್ದು ತಟ್ಟೆಗಳನ್ನು ತೆಗೆದಳು.

ಮೂರು ದಿನ ಮನೆಯಲ್ಲಿ ಪಾತ್ರೆಗಳ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಸೊಸೆ ಅಂಗಡಿಗೆ ಹೋಗಿ ಬಂದಳು. ಶನಿವಾರ ಗಾಜು ಕತ್ತರಿಸುವಾಗ ಹೆಬ್ಬೆರಳು ಕೊಯ್ದುಕೊಂಡಳು. ಭಾನುವಾರ ಬೆಳಗ್ಗೆ ಚಿಕ್ಕವನು ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದಾಗ ಅಲ್ಲಿಗೆ ಬಂದು, ಒಂದು ಹೊದಿಕೆಯ ತುದಿ ತಾನೂ ಹಿಡಿದುಕೊಂಡಳು.

"ನಾಳೆ ಹೋಗಿ ಹೇಳು," ಎಂದಳು.

"ಅಣ್ಣನ ಹೆಸರೂ ಹೇಳ್ಬೇಕಾಗುತ್ತೆ."

"ಹೇಳು."

"ಗುಬ್ಬಿ ಶಾಲೇಲಿ—"

"ಅವಳಿಗೆ ಹೇಳಿದೀನಿ. ಆ ಹುಡುಗಿ ಮನೆ ಬಾಗಿಲ ಮೇಲಿರೋದು ನಮ್ಮ ಬಾಗಿಲಿಗೆ ಬರಬಹುದು, ತಯಾರಾಗಿರು ಅಂದಿದೀನಿ." ಅವಳು ಹೊದಿಕೆಯನ್ನು ಬಿಗಿಯಾಗಿ ತಿರುಚಿದಳು, ನೀರು ಧಾರೆಯಾಗಿ ಕಾಲ ಮೇಲೆ ಬಿತ್ತು. "ಅವರು ಇದ್ದಿದ್ರೆ ತಾವೇ ಹೋಗಿ ಹೇಳ್ತಿದ್ರು. ನನ್ನದೇ ತಪ್ಪು ಅಂತ ಎಲ್ಲರಿಗಿಂತ ಮುಂಚೆ ಕೂಗ್ತಿದ್ರು. ನಿಂಗೂ ಗೊತ್ತು ಅದು."

ಚಿಕ್ಕವನು ತಲೆಯಾಡಿಸಿದ. ಆಮೇಲೆ ಮುಖ ತಿರುಗಿಸಿಕೊಂಡು ಅತ್ತ. ಅವಳು ಸಮಾಧಾನ ಮಾಡಲಿಲ್ಲ. ಹೊದಿಕೆಯನ್ನು ತಂತಿಯ ಮೇಲೆ ಹರವಿ ಒಳಗೆ ಹೋದಳು. ಅವನ ಮೇಲೆ ಅವಳಿಗಿದ್ದ ಸಿಟ್ಟು ಇಳಿದಿರಲಿಲ್ಲ. ಗಂಡನ ಮೇಲಿನದ್ದೂ ಇಳಿದಿರಲಿಲ್ಲ.

ಸೋಮವಾರ ಮಾವ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ನೀವ್ಯಾಕಪ್ಪಾ?"

"ಗೇಟಿನೋರಿಗೆ ನಿನ್ನ ಪರಿಚಯ ಇಲ್ಲದೇ ಇರಬಹುದು. ನನ್ನದಿದೆ. ನಡಿ."

ಅವರು ಹೋಗುವಾಗ ಅತ್ತೆ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ತನಿಖೆಯ ಮೂವರು ಅಧಿಕಾರಿಗಳ ಎದುರು ಚಿಕ್ಕವನು ನಾಲ್ಕು ಗಂಟೆ ಕೂತ. ಮೊದಲು ಯಾಕೆ ಹೇಳಲಿಲ್ಲ ಎಂದು ಹತ್ತು ಸಲ ಕೇಳಿದರು. ಮೊಹರು ಹಾಕಿದ್ದ ಕಾಗದಗಳಲ್ಲಿ ಮೂರು ವಾರದ ಅಳತೆ ಅವನು ಹೇಳಿದಂತೆಯೇ ಇತ್ತು. ವಿಭಾಗದ ಸಾಹೇಬರು ತಮಗೆ ಏನೂ ಗೊತ್ತಿರಲಿಲ್ಲ, ಅಣ್ಣತಮ್ಮ ತಮ್ಮೊಳಗೇ ಮಾತಾಡಿಕೊಂಡಿದ್ದಾರೆ ಎಂದು ಬರೆದುಕೊಟ್ಟರು. ಅಷ್ಟೂ ಹೊತ್ತು ಮಾವ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಹಳೆಯ ಕೆಲಸಗಾರರು ಇಬ್ಬರು ಮಾತಾಡಿಸಲು ಬಂದವರು, ವಿಷಯ ತಿಳಿದು ಗಡಿಯಾರ ನೋಡಿಕೊಂಡು ಹೊರಟರು.

ಮರುವಾರವೇ ಚಿಕ್ಕವನನ್ನು ತಪಾಸಣೆಯಿಂದ ತೆಗೆದು ಉಗ್ರಾಣಕ್ಕೆ ಹಾಕಿದರು. ಪೆಟ್ಟಿಗೆ ಎತ್ತಿಡುವುದು, ಬೋಲ್ಟು ಎಣಿಸುವುದು. ಪತ್ರಿಕೆಯಲ್ಲಿ ಹೊಸ ಸುದ್ದಿ ಬಂತು: ಎಂಜಿನಿಯರನೇ ದೋಷ ಮುಚ್ಚಿಟ್ಟನೇ? ಬ್ರೆಡ್ಡಿನಂಗಡಿಯವನು ಈಗ ಸೊಸೆಯ ಎದುರು ಬಾಯಿ ಬಿಡುತ್ತಿರಲಿಲ್ಲ, ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ಮುಂದಕ್ಕೆ ತಳ್ಳುತ್ತಿದ್ದ. ಕಾರ್ಖಾನೆಯ ನಿವೃತ್ತರ ಸಂಘದವರು ಭಾನುವಾರದ ಇಸ್ಪೀಟಿಗೆ ಮಾವನನ್ನು ಕರೆಯುವುದನ್ನು ನಿಲ್ಲಿಸಿದರು. ಬಾಗಿಲ ಮೇಲೆ ಯಾರೂ ಏನೂ ಬರೆಯಲಿಲ್ಲ. ಗುಬ್ಬಿ ಮಾತ್ರ ವಾರಗಟ್ಟಲೆ ಬೆಳಗ್ಗೆ ಎದ್ದ ಕೂಡಲೆ ಹೊರಗೆ ಹೋಗಿ ನೋಡಿ ಬರುತ್ತಿದ್ದಳು.

ಅತ್ತೆ ಸೊಸೆಯ ಜೊತೆ ಮಾತು ಬಿಟ್ಟರು. ಒಂದೇ ಅಡುಗೆಮನೆ, ಒಂದೇ ಒಲೆ. ಆದರೂ ಮಾತೆಲ್ಲ ಗುಬ್ಬಿಯ ಮೂಲಕ.

"ನಿಮ್ಮಮ್ಮಂಗೆ ಹೇಳು, ಎಣ್ಣೆ ಮುಗಿದಿದೆ ಅಂತ."

"ಅಜ್ಜೀ, ಅಮ್ಮ ನಿಮ್ಮ ಪಕ್ಕದಲ್ಲೇ ನಿಂತಿದಾಳೆ."

"ಹೇಳು ಅಂದ್ರೆ ಹೇಳು."

"ನಾನೇನು ಅಂಚೆಯೋಳಾ? ಅಮ್ಮಾ, ಎಣ್ಣೆ ಮುಗಿದಿದೆಯಂತೆ. ಕೇಳಿಸ್ತಾ, ಪುನಃ ಹೇಳ್ಲಾ?"

ಸೊಸೆಗೆ ನಗು ಬಂತು. ಐವತ್ತು ದಿನಗಳಲ್ಲಿ ಮೊದಲ ಸಲ. ಅತ್ತೆ ಅದನ್ನು ಕಂಡು ಒಲೆ ಕಡೆ ತಿರುಗಿದರು. "ನಗ್ತಾಳೆ. ಗಂಡನ್ನ ಬೀದಿಗೆ ಎಳೆದು ನಗ್ತಾಳೆ."

ಸೊಸೆ ಕೈಲಿದ್ದ ಲೋಟವನ್ನು ಕುಕ್ಕಿದಳು. "ಅತ್ತೇ, ನೀವು ಹೆತ್ತೋರು, ನಾನು ಹೊರಗಿಂದ ಬಂದೋಳು, ಅದನ್ನ ಒಪ್ಕೋತೀನಿ. ಆದ್ರೆ ಹದಿನಾರು ವರ್ಷ ಒಂದೇ ತಟ್ಟೇಲಿ ಉಂಡಿದೀನಿ ಅವರ ಜೊತೆ. ಅವರನ್ನ ನಾನು ಬೀದಿಗೆ ಎಳೀಲಿಲ್ಲ. ಅವರು ತಪ್ಪು ಮಾಡಿದ್ರೆ ಅದನ್ನೂ ಸೇರಿಸೇ ನಾನು ಅವರನ್ನ ನೆನೆಸ್ಕೋಬೇಕು. ಸುಳ್ಳು ಗಂಡನ್ನ ನೆನೆಸ್ಕೊಂಡು ಬದುಕೋಕೆ ನಂಗಾಗಲ್ಲ."

ಅತ್ತೆ ಒಲೆಯ ಉರಿ ತಗ್ಗಿಸಿದರು. ಮಾತು ಮಾತ್ರ ಇನ್ನೂ ಗುಬ್ಬಿಯ ಮೂಲಕವೇ ನಡೆಯಿತು.

ಪೈಲಟ್‌ನ ಹೆಂಡತಿ ಮತ್ತೆ ಸಿಗಲಿಲ್ಲ. ಮಗಳ ಹೆಸರನ್ನು ಶಾಲೆಯಿಂದ ತೆಗೆಸಿ, ತವರಿಗೆ ಹೋದಳೆಂದು ಗುಬ್ಬಿ ಹೇಳಿದಳು. ಹೋಗುವ ದಿನ ಆ ಹುಡುಗಿ ಗುಬ್ಬಿಯ ಮೇಜಿನ ಹತ್ತಿರ ಬಂದು ಒಂದು ಕ್ಷಣ ನಿಂತು, ಏನೂ ಹೇಳದೆ ಹೋದಳಂತೆ.

ತನಿಖೆಯ ವರದಿ ಬಂದದ್ದು ಹದಿನಾಲ್ಕನೆಯ ವಾರ. ಕಂದು ಲಕೋಟೆಯಲ್ಲಿ ನಲವತ್ತು ಪುಟ. ಸೊಸೆ ಅಂಗಡಿಗೆ ಹೋಗದೆ ಮುಂಗೋಣೆಯಲ್ಲಿ ಕೂತು ಓದಿದಳು. ಮಾವ ಎದುರಿಗೆ ಕೂತು ಕಾದರು. ಕೊನೆಯ ಪುಟದಲ್ಲಿ ಇದ್ದದ್ದು ಇಷ್ಟು: ಕೀಲಿನ ಅಲ್ಲಾಟ ಕಾರಣವಾಗಿದ್ದಿರಬಹುದು. ಪೈಲಟ್‌ನ ಕ್ರಮ ಕಾರಣವಾಗಿದ್ದಿರಬಹುದು. ಎರಡೂ ಅಲ್ಲದ ಬೇರೊಂದು ಇದ್ದಿರಬಹುದು. ಅವಶೇಷಗಳು ಸಿಗದ ಕಾರಣ ಯಾವುದನ್ನೂ ಖಚಿತವಾಗಿ ಹೇಳಲಾಗದು. ಅಪಘಾತದ ಕಾರಣ ತಿಳಿದುಬಂದಿಲ್ಲ.

"ಇಷ್ಟೇನಾ?" ಎಂದರು ಮಾವ.

"ಇಷ್ಟೇ ಮಾವ."

ಮಾವ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಬಾಗಿಲ ಬಳಿ ನಿಂತಿದ್ದ ಅತ್ತೆ ಹತ್ತಿರ ಬಂದರು. ಗುಬ್ಬಿ ಶಾಲೆಯಲ್ಲಿದ್ದಳು, ಮಾತು ದಾಟಿಸಲು ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಸೆರಗಿನ ತುದಿ ಹಿಂಡಿದರು. ಆಮೇಲೆ ನೇರವಾಗಿ ಸೊಸೆಯನ್ನೇ ಕೇಳಿದರು.

"ಅವನ ವಿಷಯ ಏನಾದ್ರೂ ಇದೆಯೇನೇ ಅದ್ರಲ್ಲಿ? ತಪ್ಪು ಗಿಪ್ಪು ಬೇಡ. ಅವನು ಏನು ಮಾಡ್ತಿದ್ದ ಆಗ, ಅದು."

"ಇದೆ ಅತ್ತೇ. ಕೊನೆ ಹೊತ್ತಲ್ಲಿ ರೇಡಿಯೋದಲ್ಲಿ ಮಾತಾಡಿದ್ದು ಬರೆದಿದಾರೆ. ನಂಗೆ ಅರ್ಥ ಆಗಲ್ಲ, ಬರೀ ಅಂಕಿ."

ಅತ್ತೆ ಒಳಗಿನ ಕೋಣೆಯ ಕಡೆ ತಿರುಗಿ ಕೂಗಿದರು. "ಚಿಕ್ಕೋನೇ, ಬಾರೋ ಇಲ್ಲಿ."

ಉಗ್ರಾಣದ ಪಾಳಿ ಮಧ್ಯಾಹ್ನದ್ದು, ಅವನು ಮನೆಯಲ್ಲೇ ಇದ್ದ. ಬಂದು ನಿಂತ.

"ನಿಂತ್ಕೋಬೇಡ, ಕೂತ್ಕೋ. ನಿಂಗೆ ಗೊತ್ತಲ್ಲಾ ಇದೆಲ್ಲ. ಓದಿ ಹೇಳು."

ಸೊಸೆ ಪುಟ ತೆರೆದು ಅವನ ಕೈಗೆ ಕೊಟ್ಟು, ಬೆರಳಿಟ್ಟು ಸಾಲು ತೋರಿಸಿದಳು. ಅವನು ಓದತೊಡಗಿದ. ಮೊದಲೆರಡು ಸಾಲಿನಲ್ಲಿ ತಡವರಿಸಿದ, ಆಮೇಲೆ ಓದು ತಪಾಸಣೆಯ ಪಟ್ಟಿ ಓದುವಂತೆ ಸರಾಗವಾಯಿತು.

"ಎರಡು ಸಾವಿರದ ನಾನೂರು. ಇದು ಎತ್ತರ ಅಮ್ಮಾ, ಅಷ್ಟು ಮೀಟರ್ ಮೇಲಿದ್ರು. ಮುನ್ನೂರ ಹತ್ತು, ಇದು ವೇಗ. ಎಣ್ಣೆ ಎಪ್ಪತ್ತೆಂಟು, ಇದು ಎಂಜಿನ್ನಿನ ಎಣ್ಣೆಯ ಬಿಸಿ."

"ಅದೆಲ್ಲ ಸರಿ ಇತ್ತಾ?"

"ಎಲ್ಲಾ ಸರಿ ಇತ್ತು."

"ಹೆದ್ರಿದ್ನಾ ಅವನು?"

"ಹೆದ್ರಿದ ಹಾಗಿಲ್ಲ. ದನಿ ಸಹಜವಾಗಿತ್ತು ಅಂತ ಇಲ್ಲೇ ಬರೆದಿದಾರೆ. ಒಂದಾದ ಮೇಲೆ ಒಂದು ಹೇಳ್ಕೊಂಡು ಹೋಗಿದಾನೆ." ಅವನು ಮುಂದಿನ ಸಾಲಿಗೆ ಬಂದು ನಿಲ್ಲಿಸಿದ.

"ಓದು," ಎಂದರು ಮಾವ.

"ಬಾಲದ ಕಂಪನ, ಸೊನ್ನೆ ಪಾಯಿಂಟ್..." ಚಿಕ್ಕವನು ಕಾಗದ ಕೆಳಗಿಟ್ಟ. "ಅಷ್ಟಕ್ಕೇ ನಿಂತಿದೆ."

"ಸೊನ್ನೆ ಪಾಯಿಂಟ್ ಎಷ್ಟು?" ಎಂದರು ಅತ್ತೆ.

"ಅದೇ ಇಲ್ಲ ಅಮ್ಮಾ. ಅಲ್ಲಿಗೆ ಮಾತು ಕಡಿದಿದೆ."

"ಎಷ್ಟಾಗಿದ್ರೆ ಏನು ಅರ್ಥ?"

"ಒಂದೋ ಎರಡೋ ಆಗಿದ್ರೆ, ಆ ಕೀಲಿಗೂ ಇದಕ್ಕೂ ಸಂಬಂಧಾನೇ ಇಲ್ಲ ಅಂತ. ಆರೋ ಏಳೋ ಆಗಿದ್ರೆ..."

ಅತ್ತೆ ಮಗನ ತಲೆಯ ಮೇಲೆ ಕೈಯಿಟ್ಟು ಹಾಗೇ ಕೂತರು. ಸೊಸೆ ಅತ್ತೆಯ ಇನ್ನೊಂದು ಪಕ್ಕಕ್ಕೆ ಬಂದು ಕೂತಳು. ಊಟದ ಹೊತ್ತಾಗಿತ್ತು, ಯಾರೂ ಏಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅತ್ತೆ ಕಾಗದದ ಮೇಲೆ ಅರ್ಧಕ್ಕೆ ನಿಂತ ಆ ಸಾಲನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಇನ್ನೊಂದೇ ಒಂದು ಮಾತು ಬಾಕಿ ಇತ್ತಲ್ಲೋ ಅವನದು," ಎಂದರು.